ಮಸ್ಕತ್ತಿಗೆ ಹೋದ ಚಾವಿ

ಕರ್ಕಿ, ಹೊನ್ನಾವರ ತಾಲೂಕು
೨೨ ಜನವರಿ ೨೦೨೫, ಬುಧವಾರ

ಚಿರಂಜೀವಿ ಸಂಜಯನಿಗೆ ಅಮ್ಮನ ಆಶೀರ್ವಾದ. 'ಪ್ರೀತಿಯ' ಎಂದು ಬರೆಯಲು ಹೋಗಿ ಪೆನ್ನು ಎರಡು ಸಲ ನಿಂತಿತು. ಆದರೂ ಬರೆಯುತ್ತೇನೆ. ಪ್ರೀತಿಯ ಸಂಜೂ,

ಆರೋಗ್ಯ ಹೇಗಿದೆ? ಬೆನ್ನುನೋವು ಕಡಿಮೆಯಾಯಿತೋ, ಇಲ್ಲ ಆ ಟಗ್ ಬೋಟಿನ ಇಂಜಿನ್ ರೂಮಿನಲ್ಲಿ ಈಗಲೂ ಬಗ್ಗಿಕೊಂಡೇ ಕೆಲಸ ಮಾಡುತ್ತೀಯೋ? ಮಸ್ಕತ್ತಿನಲ್ಲಿ ಈಗ ಚಳಿ ಎಂದು ರಜೆಗೆ ಬಂದಿರುವ ನಿನ್ನ ಜತೆಗಾರ ಮೋಹನ ಹೇಳಿದ. ರಾತ್ರಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗು. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬಿ.ಪಿ. ಗುಳಿಗೆ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದೇನೆ. ಭಾನುವಾರ ನಿನ್ನ ಫೋನ್ ಬಂದ ಮೇಲೆ ಒಂದು ಹೆಚ್ಚಿಗೆ ತೆಗೆದುಕೊಂಡೆ.

ಇಪ್ಪತ್ತೆರಡು ನಿಮಿಷ ಬೈದಿದ್ದೀಯ. ನಾನು ಬಾಯಿ ತೆರೆದಾಗಲೆಲ್ಲ 'ಅಮ್ಮಾ, ನೀ ಸುಮ್ನಿರು' ಎಂದೆ. ಅರವತ್ತೆರಡು ವರ್ಷದ ಹೆಂಗಸಿಗೆ ಸುಮ್ಮನಿರು ಎನ್ನುವುದನ್ನು ಯಾವ ಬಂದರಿನಲ್ಲಿ ಕಲಿಸಿದರು ನಿನಗೆ? ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರಿನ ಮಕ್ಕಳನ್ನೆಲ್ಲ ಸುಮ್ಮನಿರಿಸಿದವಳು ನಾನು, ನನ್ನ ಮಗನೊಬ್ಬನನ್ನು ಬಿಟ್ಟು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರದ ನಡುವೆ ನೀನು ಬಾಯಿ ಹಾಕುವ ಹಾಗಿಲ್ಲ. ಮೋಹನನ ರಜೆ ಮುಗಿದು ನಾಡಿದ್ದು ಹೊರಡುತ್ತಾನಂತೆ. ಇವತ್ತು ಸಂಜೆ ಭಟ್ಕಳದಿಂದ ಇಲ್ಲಿಗೆ ಬಂದು ನಿನಗೆ ಕೊಡುವುದನ್ನೆಲ್ಲ ಒಯ್ಯುತ್ತಾನೆ. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವುದಿಲ್ಲ ಎಂದುಕೊಂಡಿದ್ದೆ. ಕಳಿಸುತ್ತಿದ್ದೇನೆ. ಆದರೆ ಸಿಟ್ಟು ಇಳಿಯಿತು ಎಂದು ತಿಳಿದುಕೊಳ್ಳಬೇಡ.

ನಿನ್ನ ಪ್ರಕಾರ ನಾವು ನಿನ್ನ ಗಾಡಿ ಹೊರಗೆ ತೆಗೆದದ್ದು ತಪ್ಪು, ಅದನ್ನು ರೇಸಿನ ಟ್ರ್ಯಾಕಿಗೆ ಒಯ್ದದ್ದು ಇನ್ನೂ ತಪ್ಪು, ದೇವರು ಬೇಡ ಎಂದ ಮೇಲೂ ನಿನ್ನ ಹೆಂಡತಿ ವಿನುತಾಳನ್ನು ಸ್ಟೇರಿಂಗಿಗೆ ಕೂರಿಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಬರುವ ಭಾನುವಾರದೊಳಗೆ ಚಾವಿ ಕುಮಟಾಕ್ಕೆ ಹೋಗಿ ದಿನಕರನ ಕೈ ಸೇರಬೇಕು ಎಂದು ಅಪ್ಪಣೆ ಬೇರೆ. ಚಾವಿ ಎಲ್ಲಿಗೂ ಹೋಗುವುದಿಲ್ಲ. ಇದೇ ನನ್ನ ಉತ್ತರ. ಉಳಿದದ್ದನ್ನು ನಿನಗೆ ಪುರುಸೊತ್ತಿದ್ದರೆ ಓದು.

ಮೊದಲು ಚಾವಿಯ ವಿಷಯ. ಆ ಡ್ರೈವಿಂಗ್ ಶಾಲೆಗೆ ನೀನೇ ಹೆಸರು ಕೊಟ್ಟಿದ್ದೆ. ಸ್ವಂತ ಗಾಡಿ ತಂದು ರೇಸಿನ ರಸ್ತೆಯಲ್ಲಿ ಸರಿಯಾಗಿ ಓಡಿಸಲು ಕಲಿಯುವ ಶಾಲೆ. ರಜೆ ಸಿಗಲಿಲ್ಲ. ನಿನ್ನ ಹೆಂಡತಿಗೆ ಲೈಸೆನ್ಸ್ ಇದೆ, ಗಾಡಿ ನಿಂತಿರುವುದು ಅವಳ ಅಂಗಳದಲ್ಲಿ. ನಿನಗೆ ನೆನಪಾದದ್ದು ಮಾತ್ರ ನಿನ್ನಕ್ಕ ವೀಣಾಳ ಗಂಡ. ದಿನಕರ ಒಳ್ಳೆಯವನೇ. ಆದರೆ ಅವನು ಹಾರ್ಡ್‌ವೇರ್ ಅಂಗಡಿಯ ಸ್ಕೂಟರನ್ನು ಹಿಂದಕ್ಕೆ ತೆಗೆಯಲು ಇಬ್ಬರನ್ನು ಕರೆಯುತ್ತಾನೆ. ಮೋಹನ ರಜೆಗೆ ಬಂದವನು ಚಾವಿ ಕೊಡಲು ಕುಮಟಾಕ್ಕೆ ಹೋಗುತ್ತಾ ನಮ್ಮಲ್ಲಿ ಇಳಿದ. ಖರ್ಜೂರದ ಜತೆ ಒಂದು ಲಕೋಟೆ, ಅದರ ಮೇಲೆ ನಿನ್ನ ಅಕ್ಷರದಲ್ಲಿ 'ದಿನಕರ ಬಾವನಿಗೆ'. ನಾನೇ ತಲುಪಿಸುತ್ತೇನೆ, ನೀನು ಯಾಕೆ ಅಷ್ಟು ದೂರ ಹೋಗುತ್ತೀ ಎಂದು ಇಸಿದುಕೊಂಡೆ. ಸುಳ್ಳು ಹೇಳಿದೆ. ನನಗೆ ಸುಳ್ಳು ಹೇಳಲು ಬರುತ್ತದೆ, ನಿನಗೆ ಗೊತ್ತಿಲ್ಲ ಅಷ್ಟೆ. ಚಾವಿಯನ್ನು ವಿನುತಾಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶಾಲೆಗೆ ಫೋನ್ ಮಾಡಿ, ಗಾಡಿ ಅದೇ, ಓಡಿಸುವವರು ಬೇರೆ, ನಡೆಯುತ್ತದೋ ಎಂದು ಕೇಳಿದಳು. ಲೈಸೆನ್ಸಿನ ಫೋಟೋ ಕಳಿಸಿ ಎಂದರು. ಅಷ್ಟೇ ಸುಲಭವಿತ್ತು, ಸಂಜೂ.

ಇನ್ನು ದೇವರು. ಹೌದು, ನೀನು ಆ ಕೆಂಪು ಗಾಡಿ ತಂದ ವಾರ ನಾನು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿದ್ದೆ. ನೀನು ಪಾಲಿಟೆಕ್ನಿಕ್ ಸೇರುವಾಗ ಕೇಳಿದ್ದೆ, ವೀಣಾಳ ಮದುವೆಗೆ ಕೇಳಿದ್ದೆ, ಬಾವಿ ತೋಡಿಸುವಾಗಲೂ ಕೇಳಿದ್ದೆ. ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಆತು, ಎಡಕ್ಕೆ ಬಿದ್ದರೆ ಬೇಡ. ನಮ್ಮ ಮನೆಯಲ್ಲಿ ಅದರ ಮೇಲೆ ಇನ್ನೊಂದು ಮಾತಿಲ್ಲ. ನಿನ್ನಪ್ಪ ಆಗಲೇ ಹೇಳಿಯಾಗಿತ್ತು: 'ಒಂದು ಚಾವಿ ವಿನುತಾನ ಹತ್ರ ಇರ್ಲಿ. ಅವಳಿಗೆ ಕೈ ಕೂತಿದು.' ಹೊನ್ನಾವರ–ಭಟ್ಕಳ ಲೈನಿನಲ್ಲಿ ಮೂವತ್ತೊಂದು ವರ್ಷ ಟೆಂಪೋ ಬಿಟ್ಟ ಮನುಷ್ಯ, ಮದುವೆಯಾಗಿ ಬಂದ ಸೊಸೆಗೆ ಅದೇ ಟೆಂಪೋದಲ್ಲಿ ಸಂಜೆ ಸಂಜೆ ಡ್ರೈವಿಂಗ್ ಕಲಿಸಿದವರು. ಊರವರು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ದೇವರನ್ನು ಕೇಳೋಣ ಎಂದೆ, ಕೇಳಿ ಬಂದೆ, ಎಡಕ್ಕಾಯಿತು ಎಂದು ಹೇಳಿದೆ. ನಿನ್ನಪ್ಪ ಮುಖ ಬಾಡಿಸಿಕೊಂಡು ಹೊರಗೆ ಹೋದರು. ನೀನು ಎರಡೂ ಚಾವಿಗಳನ್ನು ಬ್ಯಾಗಿಗೆ ಹಾಕಿಕೊಂಡೆ.

ನಾನು ಹೇಳಿದೆ ಎಂದು ನೀನು ಕೇಳಿಬಿಡುವುದೇ? ಸಿಗರೇಟು ಬಿಡು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಅದನ್ನು ಕೇಳಿದೆಯಾ? ಇಂಜಿನ್ ಬಿಚ್ಚಿ ಜೋಡಿಸುವವನಿಗೆ, ಗಾಡಿ ಒಂದು ಕಡೆ, ಅದರ ಚಾವಿ ಸಮುದ್ರದ ಆಚೆ ಇದ್ದರೆ ಅದು ಗಾಡಿಯೇ ಅಲ್ಲ ಎಂದು ಹೊಳೆಯಬಾರದೇ? ಒಂದು ಚಾವಿಯನ್ನಾದರೂ ದೇವರ ಗೂಡಿನಲ್ಲಿಟ್ಟು ಹೋಗಬಾರದಿತ್ತೇ?

ನಿನಗೆ ನಿನ್ನಪ್ಪ ಹೋದ ದಿನದ ಕಥೆಯನ್ನು ಯಾರೂ ಪೂರ್ತಿ ಹೇಳಿಲ್ಲ. ಅಳುತ್ತಾ ವಿಮಾನ ಇಳಿದವನಿಗೆ ಹೇಳಲು ಯಾರಿಗೆ ಮನಸ್ಸು ಬಂದೀತು? ಈಗ ಹೇಳುತ್ತೇನೆ. ಆಚೆ ವರ್ಷದ ಆಗಸ್ಟ್, ಬೆಳಿಗ್ಗೆ ಹನ್ನೊಂದು ಗಂಟೆ, ಮಳೆ. ನಾನು ಬಸಳೆ ಹೆಚ್ಚುತ್ತಿದ್ದೆ. ನಿನ್ನಪ್ಪ ಎದೆ ಒತ್ತಿಕೊಂಡು ಜಗುಲಿಯಲ್ಲಿ ಕೂತರು. ಟೆಂಪೋ ಮಾರಿ ಒಂದು ವರ್ಷವಾಗಿತ್ತು. ಅಂಗಳದಲ್ಲಿ ನಿನ್ನ ಗಾಡಿ ಬಟ್ಟೆ ಹೊದ್ದು ನಿಂತಿತ್ತು. ವಿನುತಾ ಓಡಿ ಹೋಗಿ ರಿಕ್ಷಾ ತಂದಳು. ಹೊನ್ನಾವರದಲ್ಲಿ ಇಂಜೆಕ್ಷನ್ ಕೊಟ್ಟು, ಇದು ಇಲ್ಲಿ ಆಗುವುದಲ್ಲ, ತಡಮಾಡದೆ ಉಡುಪಿ ಕಡೆಗೆ ಒಯ್ಯಿರಿ ಎಂದರು. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಆ ಮಾತು ಹೊಸತಲ್ಲ. ಆಂಬುಲೆನ್ಸ್ ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಆಗಲೇ ಹೋಗಿತ್ತು. ಬಾಡಿಗೆ ಕಾರು ಸಿಗುವಾಗ ಒಂದು ಗಂಟೆ ಹತ್ತು ನಿಮಿಷವಾಯಿತು. ಆ ಡ್ರೈವರ್ ಪಾಪದವನು, ಅಗೆದಿಟ್ಟ ಹೈವೇಯಲ್ಲಿ ಹೆದರಿ ಹೆದರಿ ಹೋಗುತ್ತಿದ್ದ. ವಿನುತಾ ಹಿಂದೆ ಕೂತು ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಬಲಗಾಲು ಇಡೀ ದಾರಿ ಕಾರಿನ ನೆಲವನ್ನು ಒತ್ತುತ್ತಿತ್ತು, ಎಕ್ಸಿಲೇಟರ್ ಅಲ್ಲೇ ಇದೆಯೇನೋ ಎನ್ನುವ ಹಾಗೆ. ಮುರ್ಡೇಶ್ವರದ ಕ್ರಾಸ್ ದಾಟಿದ ಮೇಲೆ ನಿನ್ನಪ್ಪ ಕಣ್ಣು ಬಿಟ್ಟು ಒಂದೇ ಮಾತು ಕೇಳಿದರು: 'ಸಂಜೂನ ಗಾಡಿ ಮನೇಲೇ ಇತ್ತಲೆ?' ಶಿರಾಲಿಯಲ್ಲಿ ಹೋದರು. ಅರ್ಧ ತಾಲೂಕಿನ ಬಸುರಿಯರನ್ನು, ಕಾಲು ಮುರಿದವರನ್ನು ತಮ್ಮ ಟೆಂಪೋದಲ್ಲಿ ಆಸ್ಪತ್ರೆಗೆ ಮುಟ್ಟಿಸಿದವರು ಭಟ್ಕಳವನ್ನೂ ಮುಟ್ಟಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ನೀನು ಚಾವಿ ತಂದಿದ್ದೆ. ಗಾಡಿ ತೊಳೆದೆ, ಒಂದು ಸುತ್ತು ಹೊಡೆದೆ, ಬ್ಯಾಟರಿಯ ವೈರು ಬಿಚ್ಚಿಟ್ಟೆ, ಮತ್ತೆ ಬಟ್ಟೆ ಹೊದಿಸಿದೆ. ಚಾವಿ ಮತ್ತೆ ಮಸ್ಕತ್ತಿಗೆ ಹೋಯಿತು. ವಿನುತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.

ಈಗ ಶಾಲೆಯ ಸುದ್ದಿ. ನಿನ್ನ ಫೋನಿಗೆ ಅವರು ಕಳಿಸಿದ ಫೋಟೋ ನೋಡಿ, ನಾವು ಜಾತ್ರೆಗೆ ಹೋಗಿ ಬಂದ ಹಾಗೆ ಮಾತಾಡಿದೆಯಲ್ಲ, ಅದಕ್ಕೆ ಹೇಳುತ್ತೇನೆ. ಹೊನ್ನಾವರದ ಗ್ಯಾರೇಜಿನ ಉದಯ ಬಂದು ಹೊಸ ಬ್ಯಾಟರಿ ಹಾಕಿ, ಆಯಿಲ್ ಬದಲಿಸಿ, ಟೈರುಗಳನ್ನೂ ಬ್ರೇಕನ್ನೂ ನೋಡಿ ಒಪ್ಪಿದ ಮೇಲೆಯೇ ಹೊರಟದ್ದು. ಎರಡು ದಿನದ ದಾರಿ. ಗಾಡಿ ಎಷ್ಟು ತಗ್ಗು ಎಂದರೆ, ಕೂತರೆ ನನ್ನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕಲ್ಲಿಕೋಟೆಯಲ್ಲಿ ಉಳಿದು, ಮರುದಿನ ಸಂಜೆ ಕೊಯಮತ್ತೂರು. ಶನಿವಾರ ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್. ಹದಿನಾಲ್ಕು ಗಾಡಿ, ಹದಿಮೂರು ಗಂಡಸರು, ನಿನ್ನ ಹೆಂಡತಿ, ಮತ್ತೆ ಸೀರೆ ಉಟ್ಟ ನಾನು.

ಮೊದಲು ಗಾಡಿಯಿಂದ ಅಲುಗಾಡುವ ವಸ್ತುಗಳನ್ನೆಲ್ಲ ತೆಗೆಸಿದರು. ಕೊಡೆ, ನೀರಿನ ಬಾಟಲಿ, ನನ್ನ ನೋವಿನೆಣ್ಣೆ, ಅವಲಕ್ಕಿ ಡಬ್ಬಿ, ಕಾಲೊರೆಸು, ಮುಂದೆ ಕಟ್ಟಿದ್ದ ಲಿಂಬೆಹಣ್ಣು, ಕಡೆಗೆ ಡ್ಯಾಶ್‌ಬೋರ್ಡಿನ ಗಣಪತಿ. ಗಣಪತಿಯನ್ನು ಕೀಳಲು ಬಂದ ಹುಡುಗನ ಕೈಗೆ ಒಂದು ಪೆಟ್ಟು ಕೊಟ್ಟೆ. ಆಮೇಲೆ ಮೇಷ್ಟರು ಬಂದು ವಿವರಿಸಿದರು. ಕೃಷ್ಣಾನಂದ ಎಂದು ಹೆಸರು, ಮೈಸೂರು ಕಡೆಯವರು, ನಿನ್ನ ಹಾಗೆ ಕಿರುಚುವವರಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಗಣಪತಿ ಹಾರಿ ಓಡಿಸುವವರ ಮುಖಕ್ಕೇ ಬಂದಾನು ಎಂದರು. ಸರಿ ಎನಿಸಿತು. ಗಣಪತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಜೆಯವರೆಗೆ ಕೂತೆ.

ಮೊದಲನೇ ಸುತ್ತು. ವಿನುತಾ ಏನು ಮಾಡಿದಳು ಗೊತ್ತೇ? ಪ್ರತಿ ತಿರುವಿಗೂ ಹಾರ್ನ್ ಹೊಡೆದಳು. ನಿನ್ನಪ್ಪ ಕಲಿಸಿದ ಮೊದಲ ಪಾಠವೇ ಅದಲ್ಲವೇ, 'ತಿರುವು ಕಂಡ ಕೂಡ್ಲೆ ಹಾರ್ನ್. ನಮಗಲ್ಲ, ಎದುರಿಂದ ಬರವಂಗೆ.' ಗೇರುಸೊಪ್ಪದ ಘಟ್ಟದಲ್ಲಿ ಹಾರ್ನ್ ಹೊಡೆಯದವನು ಮನೆಗೆ ಬರುವುದಿಲ್ಲ. ಇಲ್ಲಿ ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ಮೊಬೈಲಿನಲ್ಲಿ ವೀಡಿಯೋ ತೆಗೆಯಲು ಶುರು ಮಾಡಿದ. ನಾನು ಎದ್ದು ಹೋಗಿ ಅವನ ಎದುರು ನಿಂತೆ, ಅಂಗನವಾಡಿಯಲ್ಲಿ ನಿಲ್ಲುತ್ತಿದ್ದ ಹಾಗೇ, ಏನೂ ಮಾತಾಡದೆ. ಮೊಬೈಲು ಜೇಬಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನೇ ನನಗೆ ಮಜ್ಜಿಗೆ ತಂದುಕೊಟ್ಟ. ಮೇಷ್ಟರು ವಿನುತಾಳಿಗೆ, 'ಮೇಡಂ, ಇಲ್ಲಿ ಎದುರಿಗೆ ಯಾರೂ ಬರಲ್ಲ' ಎಂದರಂತೆ. ಅವಳಿಗೆ ನಂಬಲು ಮೂರು ಸುತ್ತು ಬೇಕಾಯಿತು.

ನನಗಂತೂ ಮೈ ಉರಿಯಿತು, ಸಂಜೂ. ಅಂಥ ರಸ್ತೆಯೂ ಇದೆ! ದನವಿಲ್ಲ, ಗುಂಡಿಯಿಲ್ಲ, ಮೀನು ಲಾರಿಯ ನೀರಿಲ್ಲ, ಎದುರಿಂದ ಬರುವವರೂ ಇಲ್ಲ. ಹೊರಟಲ್ಲಿಗೇ ತಿರುಗಿ ಬರುವ ರಸ್ತೆ, ಎಲ್ಲಿಗೂ ಮುಟ್ಟಬೇಕಾಗಿಲ್ಲದವರಿಗೆ. ಎದೆನೋವಿನವನನ್ನು ಮಲಗಿಸಿಕೊಂಡು ಹೋಗುವ ನಮ್ಮ ರಸ್ತೆಯನ್ನು ಮಾತ್ರ ಇಷ್ಟು ವರ್ಷದಿಂದ ಅಗೆಯುತ್ತಲೇ ಇದ್ದಾರೆ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಗೊತ್ತಾಗದೆ, ಆ ಕುರ್ಚಿಯಲ್ಲಿ ಕೂತು ನಿನ್ನ ಮೇಲೆ ಮಾಡಿದೆ.

ಆಮೇಲೆ ಬ್ರೇಕಿನ ಪಾಠ. ಜೋರಾಗಿ ಬಂದು, ರಸ್ತೆ ಕೆಲಸದಲ್ಲಿ ಇಡುವಂಥ ಕಿತ್ತಳೆ ಬಣ್ಣದ ಟೊಪ್ಪಿಗೆಗಳನ್ನು ಇಟ್ಟ ಜಾಗದಲ್ಲಿ ಬ್ರೇಕನ್ನು ಪೂರ್ತಿ ಮೆಟ್ಟಬೇಕು. ಪೆಡಲು ಕಾಲಿನ ಕೆಳಗೆ ದಡದಡ ಎನ್ನುತ್ತದೆಯಂತೆ, ಹೆದರಿ ಕಾಲು ತೆಗೆಯಬಾರದಂತೆ. ಹದಿಮೂರು ಗಂಡಸರಲ್ಲಿ ಹತ್ತು ಜನ ಮೊದಲ ಸಲ ಕಾಲು ತೆಗೆದರು. ಟೊಪ್ಪಿಗೆಗಳು ಚೆಂಡಿನ ಹಾಗೆ ಹಾರಿದವು. ವಿನುತಾ ತೆಗೆಯಲಿಲ್ಲ. ಇಷ್ಟು ಗಟ್ಟಿ ಕಾಲು ಎಲ್ಲಿ ಬಂತು ಎಂದು ಮೇಷ್ಟರು ಕೇಳಿದರು. ನನಗೆ ಗೊತ್ತಿತ್ತು. ಆ ಬಾಡಿಗೆ ಕಾರಿನ ನೆಲವನ್ನು ಹೊನ್ನಾವರದಿಂದ ಶಿರಾಲಿಯವರೆಗೆ ಒತ್ತಿದ ಕಾಲು ಅದು.

ಕೊನೆಗೆ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬಹುದು ಎಂದರು. ಹೆಲ್ಮೆಟ್ ಕೂರಲಿಲ್ಲ ಎಂದು ವಿನುತಾ ನನ್ನ ತುರುಬು ಬಿಚ್ಚಿ ಜಡೆ ಹೆಣೆದಳು. ನನ್ನ ತಲೆಯನ್ನು ಬೇರೆಯವರು ಬಾಚದೆ ಎಷ್ಟು ವರ್ಷವಾಗಿತ್ತೋ. ಗಾಡಿ ಹೊರಟಿತು. ಮೊದಲು ಕಣ್ಣು ಮುಚ್ಚಿಕೊಂಡೆ, ಆಮೇಲೆ ತೆರೆದೆ. ಅವಳು ತಿರುವನ್ನು ನೋಡುತ್ತಿರಲಿಲ್ಲ, ತಿರುವಿನ ಆಚೆಗೆ ನೋಡುತ್ತಿದ್ದಳು. ಮೊದಲು ಬ್ರೇಕು, ಆಮೇಲೆ ಸ್ಟೇರಿಂಗು, ಆಮೇಲೆ ಮೆಲ್ಲಗೆ ಎಕ್ಸಿಲೇಟರು. ಕೈ ಒಂದು ಸಲವೂ ಗಡಿಬಿಡಿ ಮಾಡಲಿಲ್ಲ. ನಿನ್ನಪ್ಪ ಪಕ್ಕದಲ್ಲಿ ಕೂತಿದ್ದರೆ ಬೀಡಿ ಹಚ್ಚುವುದನ್ನೂ ಮರೆಯುತ್ತಿದ್ದರು. ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ, ಅದು ಆವತ್ತು ಗೊತ್ತಾಯಿತು. ಕೊನೆಯ ತಿರುವಿನಲ್ಲಿ 'ಒಂದ್ಸಲ ಹಾರ್ನ್ ಹೊಡಿಯೆ' ಎಂದೆ. ಉದ್ದಕ್ಕೆ ಹೊಡೆದಳು. ಈ ಸಲ ಯಾರೂ ನಗಲಿಲ್ಲ.

ಹಾಗಾಗಿ ಕೇಳು. ಗಾಡಿಗೆ ಏನೂ ಆಗಿಲ್ಲ. ಟೈರು ಸ್ವಲ್ಪ ಸವೆದಿದೆ, ಟೈರು ಇರುವುದೇ ಅದಕ್ಕೆ. ಹಾಲಿನ ಡೇರಿಯ ಹತ್ತಿರ ಬೋರ್ಡು ಬರೆಸಬೇಕು ಎಂದಿದ್ದೇನೆ, ಈ ಕೇರಿಯಲ್ಲಿ ಯಾರಿಗೆ ಎದೆನೋವು ಬಂದರೂ, ಯಾವ ಹೊತ್ತಿಗಾದರೂ ವಿನುತಾಳನ್ನು ಕರೆಯಿರಿ ಎಂದು. ಆಚೆಮನೆ ಈರಮ್ಮ ಕಳೆದ ವಾರವೇ ವಿನುತಾಳನ್ನು ಕರೆದು ಅವಳ ನಂಬರನ್ನು ತನ್ನ ಮನೆಯ ಗೋಡೆಗೆ ಬರೆಸಿಕೊಂಡಳು. ನಿನ್ನ ಕೆಂಪು ಬಣ್ಣಕ್ಕೆ ಗೀರು ಬೀಳುತ್ತದೆ ಎಂದು ಹೆದರಿಕೆಯಾದರೆ, ಅಲ್ಲೇ ಇನ್ನೊಂದು ಗಾಡಿ ತೆಗೆದುಕೊಂಡು ಬಟ್ಟೆ ಹೊದಿಸಿ ಇಟ್ಟುಕೋ. ಅವಳಿಗೆ ಫೋನ್ ಮಾಡಿ ಕಿರುಚಬೇಡ. ಒಂದು ವಾರದಿಂದ ಅವಳು ನನ್ನ ಜತೆಯೂ ಹೆಚ್ಚು ಮಾತಾಡುತ್ತಿಲ್ಲ. ಅದಕ್ಕೆ ಕಾರಣ ನೀನಲ್ಲ.

ವೀಣಾ, ದಿನಕರ ಚೆನ್ನಾಗಿದ್ದಾರೆ. ಮೋಹನನ ತಾಯಿ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬೇಡ. ಎಷ್ಟೇ ಸಿಟ್ಟಿದ್ದರೂ ದೀಪ ಹಚ್ಚುವಾಗ ಮೊದಲು ಬರುವುದು ನಿನ್ನ ಹೆಸರೇ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಮಾದೇವಿ

ತಾ.ಕ.: ಮೋಹನ ಬಂದು ಜಗುಲಿಯಲ್ಲಿ ಚಾ ಕುಡಿಯುತ್ತಿದ್ದಾನೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸಂಜೂ, ಅವತ್ತು ಪ್ರಸಾದ ಎಡಕ್ಕೆ ಆಗಿರಲಿಲ್ಲ. ಭಟ್ಟರು ಪ್ರಾರ್ಥನೆ ಮುಗಿಸುವ ಮೊದಲೇ ಎಸಳು ಬಲಕ್ಕೆ ಬಿತ್ತು. ನಾನು ಕಣ್ಣಾರೆ ನೋಡಿದೆ. ಮನೆಗೆ ಬರುವ ದಾರಿಯಲ್ಲಿ ಅದನ್ನು ಎಡಕ್ಕೆ ಮಾಡಿದವಳು ನಾನು. ಸೊಸೆ ಆ ಗಾಡಿಯಲ್ಲಿ ಊರ ಮುಂದೆ ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ. ನಿನ್ನಪ್ಪ ಹೋಗುವವರೆಗೂ ದೇವರೇ ಬೇಡ ಎಂದ ಎಂದು ನಂಬಿಕೊಂಡಿದ್ದರು. ಟ್ರ್ಯಾಕಿನಿಂದ ವಾಪಸು ಬರುವಾಗ ಶಿರಾಲಿಯಲ್ಲಿ ವಿನುತಾಳಿಗೆ ಹೇಳಿದೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದಳು. ರಸ್ತೆಯ ಅಂಚಿನಲ್ಲಿ ನನಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತಳು. ಆಮೇಲೆ ಬಂದು ಕೂತು, ನನ್ನ ಮುಖ ನೋಡದೆ, 'ಬೆಲ್ಟ್ ಹಾಕ್ಕಳಿ ಅತ್ತೆ' ಎಂದಳು. ಬೈಯುವುದಿದ್ದರೆ ನನಗೆ ಫೋನ್ ಮಾಡು, ಈ ಸಲ ಸುಮ್ಮನಿರುತ್ತೇನೆ. ಚಾವಿ ಅವಳ ಹತ್ತಿರವೇ ಇರಲಿ.